ಆಕ್ಸಿಲರೇಟರ್ ಬಿಟ್ಟಾಗ ಮುರಿಯುವ ರಾಡು: 302 ಎಂಜಿನ್ ಮತ್ತು ಎಂಟು ಸಾವಿರ ಆರ್‌ಪಿಎಂ

ಒಂದು ಹಳೇ ಬುಲೆಟ್ 350, ಒಂದು ಯಮಹಾ ಆರ್‌ಎಕ್ಸ್100. ಎರಡೂ ದೇವಿಮನೆ ಘಾಟಿ ಹತ್ತುತ್ತಿವೆ ಅಂದುಕೊಳ್ಳಿ. ಯಾವ ಎಂಜಿನ್ನಿಗೆ ಹೆಚ್ಚು ಹಿಂಸೆ ಎಂದು ಕೇಳಿದರೆ ಹೆಚ್ಚಿನವರು ಆರ್‌ಎಕ್ಸ್ ಕಡೆ ಬೆರಳು ತೋರಿಸುತ್ತಾರೆ. 7500 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು) ಅದು ಕಿರುಚುವುದು ಹಾಗಿರುತ್ತದೆ. ಲೆಕ್ಕ ಬೇರೆಯೇ ಹೇಳುತ್ತದೆ. ಸ್ಟ್ರೋಕನ್ನು, ಅಂದರೆ ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡುವ ದೂರವನ್ನು, ಮೀಟರಿನಲ್ಲಿ ಬರೆದು, ಎರಡರಿಂದಲೂ ಆರ್‌ಪಿಎಂನಿಂದಲೂ ಗುಣಿಸಿ, 60ರಿಂದ ಭಾಗಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸಿಗುತ್ತದೆ. ಆರ್‌ಎಕ್ಸ್‌ನ ಸ್ಟ್ರೋಕ್ 50 ಮಿ.ಮೀ.; 7500ರಲ್ಲಿ ಪಿಸ್ಟನ್ ಸೆಕೆಂಡಿಗೆ 12.5 ಮೀಟರ್ ಓಡುತ್ತದೆ. ಬುಲೆಟ್‌ನದು 90 ಮಿ.ಮೀ.; ಬರೀ 5600ರಲ್ಲೇ 16.8 ಮೀಟರ್. ಕಿವಿಗೆ ಸೌಮ್ಯವಾಗಿ ಕೇಳುವ ಎಂಜಿನ್ನಿನ ಪಿಸ್ಟನ್ನೇ ಜಾಸ್ತಿ ಓಡುತ್ತಿದೆ.

ಅಮೆರಿಕದ ಹಳೇ ಮಸಲ್ ಕಾರ್ ರೇಸುಗಳ ವಿಡಿಯೋ ನೋಡಿ ‘ಎಂಟು ಸಾವಿರ ಆರ್‌ಪಿಎಂ!’ ಎಂದು ಬಾಯಿ ಬಿಡುವವರಿಗೆ ಮೊದಲು ಈ ಲೆಕ್ಕ ಹೇಳಬೇಕು. ಸ್ಟ್ರೋಕ್ ಗೊತ್ತಿಲ್ಲದೆ ಮೀಟರಿನ ಮುಳ್ಳು ನೋಡಿ ಏನೂ ಹೇಳಲಿಕ್ಕೆ ಬರುವುದಿಲ್ಲ. ಸ್ಟ್ರೋಕ್ ಗೊತ್ತಾದ ಮೇಲೂ ಎಂಜಿನ್ನಿನ ಮಿತಿ ಒಂದೇ ಒಂದು ಅಂಕಿಯಲ್ಲ. ಗಾಳಿಗೆ ಒಂದು ಮಿತಿ, ವಾಲ್ವ್ ಸ್ಪ್ರಿಂಗಿಗೆ ಇನ್ನೊಂದು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಬೋಲ್ಟಿಗೆ ಮತ್ತೊಂದು, ಎಣ್ಣೆಗೆ ಬೇರೆಯೇ. ಇವುಗಳಲ್ಲಿ ಯಾವುದು ಕಡಿಮೆಯೋ ಅದೇ ಆ ಎಂಜಿನ್ನಿನ ರೆಡ್‌ಲೈನ್.

ಐದು ಲೀಟರಿನ ಗೆರೆ

ಮಸಲ್ ಕಾರ್ ಎಂದರೆ ದೊಡ್ಡ ಎಂಜಿನ್, ಕೆಳಗಿನಿಂದಲೇ ಎಳೆತ. ಅಂಥ ಕಾರುಗಳಿಗೆ ಕಿರುಚುವ ಎಂಜಿನ್ ಬಂದದ್ದು ನಿಯಮದಿಂದ. 1966ರಲ್ಲಿ ಶುರುವಾದ ಅಮೆರಿಕದ ಕಾರ್ ರೇಸ್ ಸಂಘ ಎಸ್‌ಸಿಸಿಎಯ ಟ್ರಾನ್ಸ್-ಆಮ್ ರೇಸ್ ಸರಣಿಯಲ್ಲಿ ದೊಡ್ಡ ಕಾರುಗಳ ವರ್ಗಕ್ಕೆ 5 ಲೀಟರ್, ಅಂದರೆ 305 ಘನ ಇಂಚು, ಮಿತಿ. ಶೆವ್ರೊಲೆ ತನ್ನ 327 ಘನ ಇಂಚಿನ ಎಂಜಿನ್ನಿನ 4 ಇಂಚು ಬೋರಿನ (ಸಿಲಿಂಡರಿನ ಅಗಲದ) ಅಳತೆಗೆ 283ರ 3 ಇಂಚು ಸ್ಟ್ರೋಕ್ ಸೇರಿಸಿ ಎಂಟು ಸಿಲಿಂಡರಿನ 302 ಮಾಡಿತು; ಕಮಾರೋ ಝಡ್/28 ಹುಟ್ಟಿತು. ಫೋರ್ಡ್‌ನ ಬಾಸ್ 302 ಕೂಡ ಅದೇ 4 × 3. ಮಾರ್ಕ್ ಡಾನಹ್ಯೂ ಓಡಿಸಿದ ಪೆನ್ಸ್ಕಿ ತಂಡದ ಕಮಾರೋ 1968 ಮತ್ತು 1969ರಲ್ಲಿ ಗೆದ್ದಿತು. 1970ರಲ್ಲಿ ಪಾರ್ನೆಲಿ ಜೋನ್ಸ್ ಇದ್ದ ಬಡ್ ಮೂರ್ ತಂಡದ ಬಾಸ್ 302 ಮಸ್ಟಾಂಗ್‌ಗಳು ಫೋರ್ಡಿಗೆ ಪ್ರಶಸ್ತಿ ತಂದವು. ಕಾಗದದ ಮೇಲೆ ಎರಡೂ ಎಂಜಿನ್ 5800ರಲ್ಲಿ 290 ಅಶ್ವಶಕ್ತಿ. ರೇಸಿಗೆ ಕಟ್ಟಿದಾಗ 400 ದಾಟುತ್ತಿತ್ತು.

76.2 ಮಿ.ಮೀ. ಸ್ಟ್ರೋಕಿನ 302 ಎಂಜಿನ್ 7500ರಲ್ಲಿ ತಿರುಗಿದಾಗ ಪಿಸ್ಟನ್ ವೇಗ ಸೆಕೆಂಡಿಗೆ 19 ಮೀಟರ್. 350 ಎಂಜಿನ್ನಿನ 3.48 ಇಂಚು ಸ್ಟ್ರೋಕಿಗೆ ಅದೇ ಆರ್‌ಪಿಎಂನಲ್ಲಿ 22 ಮೀಟರ್. 4 ಇಂಚು ಸ್ಟ್ರೋಕಿನ 454 ಬಿಗ್-ಬ್ಲಾಕಿಗೆ 25.4 ಮೀಟರ್. ಆ ಕಾಲದ ಎರಕ, ಆ ಕಾಲದ ಬೋಲ್ಟು ಇಟ್ಟುಕೊಂಡು 25 ಮೀಟರಿನಲ್ಲಿ ರೇಸಿನುದ್ದಕ್ಕೂ ಓಡಿಸುವುದೆಂದರೆ ಎಂಜಿನ್ ಹೋಯಿತೆಂದೇ ಲೆಕ್ಕ. ಕಾರವಾರದ ಬೈತಖೋಲ ಬಂದರಿನ ಟ್ರಾಲರ್ ಡೀಸೆಲ್‌ಗಳು ವರ್ಷಗಟ್ಟಲೆ ಬಾಳುವುದಕ್ಕೂ ಇದೇ ಕಾರಣ: ಸ್ಟ್ರೋಕ್ ಉದ್ದ, ಆದರೆ ಎರಡು ಸಾವಿರದ ಕೆಳಗೇ ಕೆಲಸ.

ಗಾಳಿ ಇಲ್ಲದ ಆರ್‌ಪಿಎಂ ಬರೀ ಸದ್ದು

ಆರ್‌ಪಿಎಂ ಏರಿಸುವುದು ಗಾಳಿಗಾಗಿ. 302 ಘನ ಇಂಚನ್ನು 7500ರಿಂದ ಗುಣಿಸಿ 3456ರಿಂದ (ಘನ ಅಡಿಗೆ 1728 ಘನ ಇಂಚು, ಎರಡು ಸುತ್ತಿಗೊಮ್ಮೆ ಗಾಳಿ) ಭಾಗಿಸಿದರೆ ನಿಮಿಷಕ್ಕೆ 655 ಘನ ಅಡಿ, ಅಂದರೆ ಸುಮಾರು 18,500 ಲೀಟರ್. ಸಿಲಿಂಡರ್ ಪೂರ್ತಿ ತುಂಬಿದರೆ ಎಂಜಿನ್ ಎಳೆದುಕೊಳ್ಳುವುದು ಇಷ್ಟು. ಝಡ್/28ಗೆ 780 ಘನ ಅಡಿಯ ಹಾಲಿ ಕಾರ್ಬುರೇಟರ್ ಕೂರಿಸಿದ್ದು ಈ ಲೆಕ್ಕದಲ್ಲಿ. ಆದರೆ ಕಾರ್ಬುರೇಟರ್ ದೊಡ್ಡದಿದ್ದ ಮಾತ್ರಕ್ಕೆ ಸಿಲಿಂಡರ್ ತುಂಬುವುದಿಲ್ಲ. ಇನ್‌ಟೇಕ್ ಪೋರ್ಟ್, ವಾಲ್ವಿನ ತಲೆ, ಕ್ಯಾಮ್ ವಾಲ್ವನ್ನು ತೆರೆದಿಡುವ ಹೊತ್ತು, ಈ ಮೂರೂ ಸೇರಿ ಎಲ್ಲಿಯವರೆಗೆ ತುಂಬಬಹುದೆಂದು ತೀರ್ಮಾನಿಸುತ್ತವೆ. ಅದರಾಚೆ ಟಾರ್ಕ್, ಅಂದರೆ ತಿರುಗಿಸುವ ಬಲ, ಇಳಿಯುತ್ತದೆ. ಆರ್‌ಪಿಎಂ ಏರುವುದಕ್ಕಿಂತ ಜೋರಾಗಿ ಟಾರ್ಕ್ ಇಳಿಯತೊಡಗಿದಲ್ಲಿಗೆ ಶಕ್ತಿಯ ಶಿಖರ ಮುಗಿಯಿತು. ಮೇಲಿನ 500 ಆರ್‌ಪಿಎಂ ಸ್ಪ್ರಿಂಗು, ಬೋಲ್ಟುಗಳ ಆಯುಸ್ಸು ತಿನ್ನುತ್ತದೆ, ಕಾರನ್ನು ಮುಂದೆ ತಳ್ಳುವುದಿಲ್ಲ.

ಇದಕ್ಕೆ ಫೋರ್ಡ್‌ನ 1968ರ ಟನಲ್-ಪೋರ್ಟ್ 302ಕ್ಕಿಂತ ಒಳ್ಳೆಯ ಪಾಠ ಇಲ್ಲ. ಇನ್‌ಟೇಕ್ ಪೋರ್ಟನ್ನು ನೇರವಾಗಿ, ದೊಡ್ಡದಾಗಿ ಕೊರೆಯುವ ಹಟದಲ್ಲಿ ವಾಲ್ವ್ ತೆರೆಸುವ ಉದ್ದ ಕಡ್ಡಿಯನ್ನು, ಅಂದರೆ ಪುಶ್‌ರಾಡನ್ನು, ಒಂದು ಕೊಳವೆಯೊಳಗೆ ಹಾಕಿ ಪೋರ್ಟಿನ ನಡುವಿನಿಂದಲೇ ಹಾಯಿಸಿದರು. ಗಾಳಿಗೆ ದಾರಿ ಸಿಕ್ಕಿತು, ಆದರೆ ಪೋರ್ಟ್ ಎಷ್ಟು ಅಗಲವೆಂದರೆ ಕೆಳಗಿನ ಆರ್‌ಪಿಎಂಗಳಲ್ಲಿ ಗಾಳಿ ನಿಧಾನವಾಗಿ ಪೆಟ್ರೋಲ್ ಸರಿಯಾಗಿ ಬೆರೆಯುತ್ತಲೇ ಇರಲಿಲ್ಲ. ಶಕ್ತಿ ಬರಬೇಕಾದರೆ ಎಂಜಿನ್ನನ್ನು ಮೇಲೆಯೇ ಇಟ್ಟು ಓಡಿಸಬೇಕು. ಮೇಲೆ ಇಟ್ಟರೆ ಕೆಳಗಿನ ಬ್ಲಾಕು, ಎಣ್ಣೆ ವ್ಯವಸ್ಥೆ ತಾಳುವುದಿಲ್ಲ. ಆ ಸೀಸನ್ ಪೂರ್ತಿ ಎಂಜಿನ್‌ಗಳು ಒಡೆಯುತ್ತಲೇ ಹೋದವು. ಮುಂದಿನ ವರ್ಷ ಬಂದ ಬಾಸ್ 302ಕ್ಕೆ ಕ್ರ್ಯಾಂಕ್ ಹಿಡಿಯುವ ಮಧ್ಯದ ಮೂರು ಮೇನ್ ಬೇರಿಂಗುಗಳಿಗೆ ನಾಲ್ಕು ಬೋಲ್ಟಿನ ಕ್ಯಾಪ್, ಹೊಸ ಹೆಡ್, 2.23 ಇಂಚಿನ ಇನ್‌ಟೇಕ್ ವಾಲ್ವ್. ಅದೂ ಹೆಚ್ಚಾಯಿತೆಂದೋ ಏನೋ, 1970ಕ್ಕೆ ವಾಲ್ವನ್ನು 2.19ಕ್ಕೆ ಇಳಿಸಿದರು. ದೊಡ್ಡ ವಾಲ್ವ್ ಎಂದರೆ ಭಾರದ ವಾಲ್ವ್ ಕೂಡ ಹೌದು. ಅದರ ಸುಂಕ ಕಟ್ಟುವುದು ಸ್ಪ್ರಿಂಗು.

ರಸ್ತೆಗೆ ಮಾರಿದ ಬಾಸ್ 302ರಲ್ಲಿ ಕಂಪನಿಯೇ ಸುಮಾರು 6150ಕ್ಕೆ ಕಿಡಿ ಕತ್ತರಿಸುವ ರೆವ್ ಲಿಮಿಟರ್ ಕೊಟ್ಟಿತ್ತು. ಆ ಅಂಕಿಯಲ್ಲಿ ಯಾವ ನಾಚಿಕೆಯೂ ಇಲ್ಲ. ಮೂಲ ಪಿಸ್ಟನ್‌ಗಳ ಸ್ಕರ್ಟ್ (ಕೆಳಗಿನ ಗೋಡೆ) ಬಿರುಕು ಬಿಡುವುದು ಈ ಎಂಜಿನ್ನಿನ ಕುಖ್ಯಾತ ರೋಗ; ಈಗ ಇಂಥದ್ದನ್ನು ಕಟ್ಟುವವರು ಹಳೇ ಪಿಸ್ಟನ್ನನ್ನು ಕಪಾಟಿನಲ್ಲಿಟ್ಟು ಹೊಸ ಫೋರ್ಜ್ಡ್ ಪಿಸ್ಟನ್ ಹಾಕುತ್ತಾರೆ.

ಗಾಳಿಯ ಮಾತು ಬಂದದ್ದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಒಂದು ಲೆಕ್ಕ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಕಾರವಾರಕ್ಕಿಂತ ಹೆಚ್ಚುಕಡಿಮೆ ನೂರಕ್ಕೆ ಏಳರಷ್ಟು ಕಡಿಮೆ. ಹಾಲಿ ಕಾರ್ಬುರೇಟರಿನವರ ರೂಢಿ 2000 ಅಡಿ ಏರಿದರೆ ಮೇನ್ ಜೆಟ್ (ಪೆಟ್ರೋಲ್ ಬಿಡುವ ತೂತು) ಒಂದು ನಂಬರ್ ಇಳಿಸುವುದು. ಶಿರಸಿ ಕರೆಕ್ಟಾಗಿ ಆ ಒಂದು ನಂಬರಿನ ದೂರದಲ್ಲಿದೆ. ಕರಾವಳಿಯ ಮೇ ತಿಂಗಳಿಗೆ ಬೇರೆ ತೊಂದರೆ: 32 ಡಿಗ್ರಿ ಸೆಖೆಯಲ್ಲಿ ಗಾಳಿ ಚಿಪಿಚಿಪಿ ಎನ್ನುವಾಗ ಸಿಲಿಂಡರಿಗೆ ಹೋಗುವುದರಲ್ಲಿ ನೂರಕ್ಕೆ ನಾಲ್ಕರಷ್ಟು ಬರೀ ನೀರಾವಿ. ಮಿಶ್ರಣ ಶ್ರೀಮಂತವಾಗುತ್ತದೆ (ಪೆಟ್ರೋಲ್ ಪಾಲು ಹೆಚ್ಚುತ್ತದೆ), ಪ್ಲಗ್ ಕಪ್ಪಾಗುತ್ತದೆ, ಶಕ್ತಿ ಇಳಿಯುತ್ತದೆ. ಅದನ್ನು ಸರಿದೂಗಿಸಲು ಇನ್ನೂ ಮೇಲಕ್ಕೆ ತಿರುಗಿಸುವ ಆಸೆ ಬರುತ್ತದೆ ನೋಡಿ, ಅದು ತಪ್ಪು ಔಷಧ.

ರಾಡ್ ಬೋಲ್ಟಿನ ಮೇಲೆ ಮೂರು ಟನ್

ಪಿಸ್ಟನ್ ಮೇಲ್ತುದಿಗೆ ಬಂದು ನಿಂತು ವಾಪಸ್ ತಿರುಗಬೇಕು. ಆ ನಿಲ್ಲಿಸಿ ಎಳೆಯುವ ಕೆಲಸ ರಾಡಿನದು. ಅದಕ್ಕೆ ಬೇಕಾಗುವ ಬಲ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 302ಕ್ಕೆ 5.7 ಇಂಚಿನ ರಾಡ್, ಪಿಸ್ಟನ್ನು, ಪಿನ್ನು, ರಿಂಗು, ರಾಡಿನ ಮೇಲ್ಭಾಗ ಸೇರಿ 900 ಗ್ರಾಂ ಎಂದು ಹಿಡಿಯಿರಿ. 6000 ಆರ್‌ಪಿಎಂನಲ್ಲಿ ಮೇಲ್ತುದಿಯ ಎಳೆತ ಸುಮಾರು 1.7 ಟನ್. 7000ದಲ್ಲಿ 2.4 ಟನ್. 8000ದಲ್ಲಿ 3.1 ಟನ್. 7000ದಿಂದ 8000ಕ್ಕೆ ಆರ್‌ಪಿಎಂ ಏರಿದ್ದು ನೂರಕ್ಕೆ 14, ಹೊರೆ ಏರಿದ್ದು ನೂರಕ್ಕೆ 31. ಈ ಎಳೆತವನ್ನು ರಾಡಿನ ಕ್ಯಾಪ್ ಹಿಡಿದ ಎರಡು ಬೋಲ್ಟುಗಳು ಹಂಚಿಕೊಳ್ಳುತ್ತವೆ.

ಈಗ ತಲೆಬರಹದ ಮಾತು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ ಮೇಲ್ತುದಿಗೆ ಎರಡು ಬಾರಿ ಬರುತ್ತದೆ: ಕಂಪ್ರೆಷನ್ ಮುಗಿದಾಗ ಒಮ್ಮೆ, ಎಕ್ಸಾಸ್ಟ್ ಮುಗಿದಾಗ ಒಮ್ಮೆ. ಥ್ರಾಟಲ್ ಪೂರ್ತಿ ತೆರೆದಿದ್ದರೆ ಕಂಪ್ರೆಷನ್ ತುದಿಯಲ್ಲಿ ಒತ್ತಿದ ಗಾಳಿ, ಆಗಷ್ಟೇ ಹತ್ತಿಕೊಂಡ ಬೆಂಕಿ ಎರಡೂ ಪಿಸ್ಟನ್ನನ್ನು ಕೆಳಗೆ ತಳ್ಳುತ್ತವೆ. ಮೇಲೆ ಹಾರಲು ಹೊರಟ ಪಿಸ್ಟನ್ನಿಗೆ ಅದೇ ತಡೆ. ಬೋಲ್ಟಿನ ಮೇಲೆ ಎಳೆತ ಬಹುತೇಕ ಇರುವುದೇ ಇಲ್ಲ. ಎಕ್ಸಾಸ್ಟ್ ತುದಿಯಲ್ಲಿ ಮಾತ್ರ ವಾಲ್ವ್ ತೆರೆದಿರುತ್ತದೆ, ಒತ್ತಡವಿಲ್ಲ, ಪೂರಾ ಮೂರು ಟನ್ ಬೋಲ್ಟಿನ ಮೇಲೆ. ಚಾಲಕ ತಿರುವಿನ ಮುಂಚೆ 7500ರಲ್ಲಿ ಆಕ್ಸಿಲರೇಟರ್ ಬಿಟ್ಟನೆನ್ನಿ. ಸಿಲಿಂಡರಿನಲ್ಲಿ ಗಾಳಿಯೇ ಇಲ್ಲ. ಕಂಪ್ರೆಷನ್ ತುದಿಯಲ್ಲೂ ತಡೆ ಹೋಯಿತು. ಎರಡು ಸುತ್ತಿಗೊಮ್ಮೆ ಬೀಳುತ್ತಿದ್ದ ಎಳೆತ ಈಗ ಪ್ರತಿ ಸುತ್ತಿಗೂ ಬೀಳುತ್ತದೆ. ನೇರ ದಾರಿಯ ತುದಿಯಲ್ಲಿ, ಬ್ರೇಕ್ ಒತ್ತುವ ಜಾಗದಲ್ಲಿ ಎಂಜಿನ್ನುಗಳು ರಾಡ್ ಉಗುಳುವುದಕ್ಕೆ ಇದು ದೊಡ್ಡ ಕಾರಣ.

ಅರಬೈಲ್ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ಬೈಕನ್ನು ಕಿರುಚಿಸುತ್ತ ಇಳಿಸುವವರಿಗೂ ಇದೇ ಹೊರೆ. ಇಳಿಜಾರಿನಲ್ಲಿ ಎಂಜಿನ್ ಬ್ರೇಕ್ ಬಳಸುವುದು ಸರಿ, ಮಾಡಲೇಬೇಕು. ಆದರೆ ರೆಡ್‌ಲೈನಿನ ಹತ್ತಿರ ಥ್ರಾಟಲ್ ಮುಚ್ಚಿ ಇಳಿಯುವುದು ಏರುವಾಗ ಅದೇ ಆರ್‌ಪಿಎಂನಲ್ಲಿ ಎಳೆಸುವುದಕ್ಕಿಂತ ರಾಡಿಗೆ ಕೆಟ್ಟದ್ದು. ಆರ್‌ಎಕ್ಸ್‌ನಂಥ ಟೂ-ಸ್ಟ್ರೋಕಿಗೆ ಇನ್ನೊಂದು ಅಪಾಯ ಸೇರುತ್ತದೆ. ಪೆಟ್ರೋಲಿನಲ್ಲಿ ಬೆರೆತು ಬರುವ ಎಣ್ಣೆಯಾಗಲಿ, ಥ್ರಾಟಲ್ ನೋಡಿ ಪಂಪ್ ಕೊಡುವ ಎಣ್ಣೆಯಾಗಲಿ, ಥ್ರಾಟಲ್ ಮುಚ್ಚಿದರೆ ಕಡಿಮೆಯಾಗುತ್ತದೆ. ಆರ್‌ಪಿಎಂ ಮಾತ್ರ ಹಾಗೇ ಇರುತ್ತದೆ.

ಬೋಲ್ಟಿನ ಕೆಲಸವೆಂದರೆ ಹೊರಗಿನ ಎಳೆತಕ್ಕಿಂತ ಹೆಚ್ಚಿನ ಬಿಗಿಯಲ್ಲಿ ಕ್ಯಾಪನ್ನು ಒತ್ತಿ ಹಿಡಿದಿರುವುದು. ಬಿಗಿ ಕಮ್ಮಿಯಾದರೆ ಪ್ರತಿ ಸುತ್ತಿಗೂ ಕ್ಯಾಪ್ ಕೂದಲೆಳೆ ತೆರೆದು ಮುಚ್ಚುತ್ತದೆ, ಬೋಲ್ಟ್ ದಣಿದು ಮುರಿಯುತ್ತದೆ. ಟಾರ್ಕ್ ವ್ರೆಂಚ್ ತೋರಿಸುವ ಅಂಕಿಯಲ್ಲಿ ಹೆಚ್ಚಿನ ಪಾಲು ಎಳೆ (ಥ್ರೆಡ್) ಮತ್ತು ತಲೆಯಡಿಯ ಘರ್ಷಣೆಗೇ ಹೋಗುವುದರಿಂದ ಅದನ್ನು ನಂಬಿ ಕೂರುವಂತಿಲ್ಲ. ಬೋಲ್ಟ್ ಎಷ್ಟು ಉದ್ದವಾಯಿತು ಎಂದೇ ಅಳೆಯಬೇಕು. ಎರಡೂ ತುದಿಯಲ್ಲಿ ಸಣ್ಣ ಗುಳಿಯಿರುವ ಬೋಲ್ಟನ್ನು ಸ್ಟ್ರೆಚ್ ಗೇಜಿಗೆ ಕೊಟ್ಟು ಬಿಡಿಯಾಗಿದ್ದಾಗಿನ ಉದ್ದಕ್ಕೆ ಸೊನ್ನೆ ಹೊಂದಿಸಿ. ಎಳೆಗೂ ತಲೆಯಡಿಗೂ ತಯಾರಕರು ಕೊಟ್ಟ ಗ್ರೀಸ್ ಹಚ್ಚಿ. ಬಿಗಿಮಾಡಿ, ಸಡಿಲಿಸಿ, ಮತ್ತೆ ಬಿಗಿಮಾಡಿ. ಮೊದಲ ಒಂದೆರಡು ಸಲ ಘರ್ಷಣೆ ಬದಲಾಗುತ್ತಿರುತ್ತದೆ. ಕಡೆಗೆ 3/8 ಇಂಚಿನ ಸಾಮಾನ್ಯ ರೇಸ್ ಬೋಲ್ಟಿಗೆ 0.0055ರಿಂದ 0.006 ಇಂಚಿನ ಆಸುಪಾಸು, ಅಂದರೆ 0.14–0.15 ಮಿ.ಮೀ. ಹಿಗ್ಗು ಬರಬೇಕು, ನಿಖರ ಅಂಕಿ ಬೋಲ್ಟಿನ ಜೊತೆ ಬಂದ ಚೀಟಿಯದ್ದೇ ಆಗಬೇಕು. ಎಂಟು ರಾಡಿನ ಹದಿನಾರೂ ಬೋಲ್ಟುಗಳ ಬಿಡಿ ಉದ್ದವನ್ನು ಸಿಲಿಂಡರ್ ನಂಬರ್ ಸಮೇತ ಬರೆದಿಡಿ. ಮುಂದಿನ ಸಲ ಎಂಜಿನ್ ಬಿಚ್ಚಿದಾಗ ಯಾವುದಾದರೂ 0.001 ಇಂಚು, 0.025 ಮಿ.ಮೀ., ಉದ್ದವಾಗಿದ್ದರೆ ಅದು ಹಿಗ್ಗಿ ವಾಪಸ್ ಬಂದಿಲ್ಲ ಎಂದರ್ಥ. ಎಸೆಯಿರಿ. ‘ನೋಡಲಿಕ್ಕೆ ಚೆನ್ನಾಗಿದೆಯಲ್ಲ ಮಾರಾಯ್ರೆ’ ಎಂಬ ಮಾತಿಗೆ ಕಿವಿಗೊಟ್ಟರೆ ಬ್ಲಾಕಿನ ಪಕ್ಕದಲ್ಲಿ ಕಿಟಕಿ ತೆರೆಯುತ್ತದೆ.

ವಾಲ್ವ್ ಕಡೆ

302ರಂಥ ಪುಶ್‌ರಾಡ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ವಾಲ್ವಿನ ಕಡೆ. 8000ದಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ ಸುಮಾರು 67 ಸಲ ತೆರೆದು ಮುಚ್ಚಬೇಕು. ತೆರೆಯುವುದು ಕ್ಯಾಮಿನ ಬಲವಂತ. ಮುಚ್ಚುವುದು ಸ್ಪ್ರಿಂಗಿನ ಕೆಲಸ. ಕ್ಯಾಮಿನ ಮೇಲೆ ಕೂರುವ ಲಿಫ್ಟರ್, ಪುಶ್‌ರಾಡ್, ವಾಲ್ವನ್ನು ಒತ್ತುವ ರಾಕರ್, ವಾಲ್ವ್, ಸ್ಪ್ರಿಂಗ್ ಹಿಡಿಯುವ ರಿಟೇನರ್ ಇಷ್ಟೂ ಭಾರವನ್ನು ಕ್ಯಾಮಿನ ಮೂಗು ದಾಟಿದೊಡನೆ ಹಿಂದಕ್ಕೆಳೆಯಲು ಸ್ಪ್ರಿಂಗಿಗೆ ಆಗದಿದ್ದರೆ ಲಿಫ್ಟರ್ ಕ್ಯಾಮನ್ನು ಬಿಟ್ಟು ಹಾರುತ್ತದೆ. ಇದೇ ವಾಲ್ವ್ ಫ್ಲೋಟ್. ಎಂಜಿನ್ ಮುಗ್ಗರಿಸಿದಂತೆ ಸದ್ದು ಮಾಡಿ ಏರುವುದು ನಿಲ್ಲುತ್ತದೆ. ವಾಲ್ವ್ ಸೀಟಿನ ಮೇಲೆ ಬಡಿದು ಪುಟಿಯುತ್ತದೆ. ಪಿಸ್ಟನ್ನಿಗೂ ತಾಗಿದರೆ ಕಥೆ ಮುಗಿಯಿತು. ಹೈಡ್ರಾಲಿಕ್ ಲಿಫ್ಟರ್ ಆದರೆ ಇನ್ನೂ ಬೇಗ: ಸಿಕ್ಕ ಸಂದನ್ನು ಎಣ್ಣೆ ತುಂಬಿಬಿಡುತ್ತದೆ, ವಾಲ್ವ್ ಮುಚ್ಚುವುದೇ ಇಲ್ಲ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಹಾಕಿದರಾಯಿತಲ್ಲ? ಚಪ್ಪಟೆ ತಳದ ಲಿಫ್ಟರಿಗೆ ಅದು ನಡೆಯುವುದಿಲ್ಲ. ತೆರೆದ ಸ್ಥಿತಿಯ ಒತ್ತಡ 350 ಪೌಂಡ್, ಸುಮಾರು 160 ಕೆ.ಜಿ., ದಾಟಿದರೆ ಕ್ಯಾಮಿನ ಮೂಗು ಸವೆಯಲು ಶುರು. ಅದಕ್ಕೇ ಒತ್ತಡ ಏರಿಸುವ ಮುಂಚೆ ಭಾರ ಇಳಿಸುತ್ತಾರೆ: ಟೈಟೇನಿಯಂ ರಿಟೇನರ್, ತೆಳು ಕಾಂಡದ ವಾಲ್ವ್. ಭಾರ ಇಳಿಸಬಾರದ ಜಾಗ ಪುಶ್‌ರಾಡ್. ಅದು ತೆಳುವಾಗಿದ್ದರೆ ಬಿಲ್ಲಿನಂತೆ ಬಾಗಿ, ಆಮೇಲೆ ನೆಟ್ಟಗಾಗುವ ಹೊತ್ತಿಗೆ ವಾಲ್ವನ್ನು ಎಸೆದುಬಿಡುತ್ತದೆ. ಅಲ್ಲಿ ನಾಲ್ಕು ಗ್ರಾಂ ಹೆಚ್ಚಾದರೂ ದಪ್ಪ ಗೋಡೆಯದೇ ಇರಲಿ. ಸಾಮಾನ್ಯ ಸ್ಮಾಲ್-ಬ್ಲಾಕ್ ಹೆಡ್‌ಗಳಲ್ಲಿ ರಾಕರ್ ಸ್ಟಡ್‌ಗಳನ್ನು ಬರೀ ಒತ್ತಿ ಕೂರಿಸಿರುತ್ತಾರೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಅವು ಮೆಲ್ಲಗೆ ಮೇಲೇಳುತ್ತವೆ. ಥ್ರೆಡ್ ಮಾಡಿ 7/16 ಇಂಚಿನ ತಿರುಪು ಸ್ಟಡ್, ಗೈಡ್ ಪ್ಲೇಟ್ ಹಾಕದೆ ಸ್ಪ್ರಿಂಗ್ ಮುಟ್ಟಬೇಡಿ.

ಜೋಡಿಸುವಾಗ ಪೂರ್ತಿ ಲಿಫ್ಟಿನಲ್ಲಿ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟುವ ಮುಂಚೆ ಒಟ್ಟು 0.060 ಇಂಚು, 1.5 ಮಿ.ಮೀ., ಜಾಗ ಉಳಿದಿರಬೇಕು. ವಾಲ್ವ್ ಮತ್ತು ಪಿಸ್ಟನ್ ನಡುವೆ ಇನ್‌ಟೇಕಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಮಿ.ಮೀ. ಕನಿಷ್ಠ. ಇದನ್ನು ಪಿಸ್ಟನ್ ಮೇಲ್ತುದಿಯಲ್ಲಿ ನಿಂತಾಗ ಅಳೆದರೆ ಮೋಸ ಹೋಗುತ್ತೀರಿ. ಎಕ್ಸಾಸ್ಟ್ ವಾಲ್ವ್ ಅತಿ ಹತ್ತಿರ ಬರುವುದು ಮೇಲ್ತುದಿಗೆ ಸುಮಾರು 10 ಡಿಗ್ರಿ ಮುಂಚೆ, ಇನ್‌ಟೇಕ್ 10 ಡಿಗ್ರಿ ಆಮೇಲೆ. ಪಿಸ್ಟನ್ ತಲೆಗೆ ಮಕ್ಕಳ ಮಾಡೆಲಿಂಗ್ ಜೇಡಿ ಅಂಟಿಸಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಒತ್ತಿದ ಜಾಗವನ್ನು ಬ್ಲೇಡಿನಿಂದ ಕೊಯ್ದು ದಪ್ಪ ಅಳೆಯಿರಿ.

ಝಡ್/28ರ ಕ್ಯಾಮಿಗೆ ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ 0.030 ಇಂಚು, ಅಂದರೆ 0.76 ಮಿ.ಮೀ., ಟಪೆಟ್ ಸಂದು. ನಮ್ಮ ಬೈಕುಗಳ ಲೆಕ್ಕದಲ್ಲಿ ಇದು ಗುಂಡಿಯೇ ಸರಿ, ಕಟಕಟ ಸದ್ದು ಬಂದೇ ಬರುತ್ತದೆ. ಎಂಜಿನ್ ಬಿಸಿಯಿದ್ದಾಗ ಆ ಸಿಲಿಂಡರಿನ ಎಕ್ಸಾಸ್ಟ್ ಆಗಷ್ಟೇ ತೆರೆಯತೊಡಗಿದಾಗ ಇನ್‌ಟೇಕಿನ ಸಂದು ಹೊಂದಿಸಿ. ಇನ್‌ಟೇಕ್ ತೆರೆದು ಮುಚ್ಚುವ ಹಂತಕ್ಕೆ ಬಂದಾಗ ಎಕ್ಸಾಸ್ಟಿನದು. ಹೊಸ ಕ್ಯಾಮ್ ಹಾಕಿದ ದಿನ ಒಳಗಿನ ಸಣ್ಣ ಸ್ಪ್ರಿಂಗ್ ತೆಗೆದಿಟ್ಟು, ಎಂಜಿನ್ ಹಿಡಿದ ಕೂಡಲೇ 2000–2500ಕ್ಕೆ ಏರಿಸಿ 20 ನಿಮಿಷ ಅಲ್ಲೇ ಆಚೀಚೆ ಓಡಿಸಿ. ಐಡಲಿಂಗ್ ಬೇಡವೇ ಬೇಡ, ಕ್ಯಾಮಿಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದಾಗ. ಈಗಿನ ಪೆಟ್ರೋಲ್ ಕಾರುಗಳ ತೆಳು ಎಣ್ಣೆಯಲ್ಲಿ ರಂಜಕ 600ರಿಂದ 800 ಪಿಪಿಎಂಗೆ ಸೀಮಿತ. ಅದರ ಜೊತೆಗೇ ಬರುವ ಸತುವೂ ಅಷ್ಟಕ್ಕಷ್ಟೆ. ಚಪ್ಪಟೆ ಲಿಫ್ಟರಿಗೆ ಇದು ಸಾಲದು. ಲಾರಿಗೆ ಹಾಕುವ 15ಡಬ್ಲ್ಯೂ-40 ಸಿಐ-4 ದರ್ಜೆಯ ಎಣ್ಣೆಯಲ್ಲಿ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಅಂಕೋಲೆಯ ಅಂಗಡಿಯಲ್ಲೂ ಸಿಗುತ್ತದೆ.

ಕರಾವಳಿಯವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ವಾಲ್ವ್ ಸ್ಪ್ರಿಂಗ್ ಮುರಿಯುವುದು ಮೈಮೇಲಿನ ಒಂದು ಚುಕ್ಕೆಯಿಂದ. ಕಾರವಾರದ ಜೂನ್–ಜುಲೈನಲ್ಲಿ ಬಿಡಿಸಿಟ್ಟ ಸ್ಪ್ರಿಂಗಿಗೆ ಎಣ್ಣೆ ಹಚ್ಚದೆ ಬೆಂಚಿನ ಮೇಲೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಂತಿಯ ಒಳಮೈಯಲ್ಲಿ ಕಂದು ಚುಕ್ಕೆಗಳು ಏಳುತ್ತವೆ. ಉಪ್ಪುಗಾಳಿಯ ತುಕ್ಕು ಮೇಲೆ ಮೇಲೆ ಕೂರದೆ ಗುಳಿ ತೋಡುತ್ತದೆ. ಉಜ್ಜಿದರೆ ಬಣ್ಣ ಹೋಗುತ್ತದೆ, ಗುಳಿ ಉಳಿಯುತ್ತದೆ. ಲಕ್ಷಗಟ್ಟಲೆ ಸಲ ಬಾಗುವ ತಂತಿಯಲ್ಲಿ ಬಿರುಕು ಅಲ್ಲಿಂದಲೇ ಹೊರಡುತ್ತದೆ. ರಾಡ್ ಬೋಲ್ಟಿಗೂ ಇದೇ ಮಾತು. ಬೆವರು ಕೈಯಲ್ಲಿ ಮುಟ್ಟಿದ ಭಾಗವನ್ನು ಒರೆಸಿ, ಎಣ್ಣೆಯಲ್ಲಿ ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿಡಿ. ಚುಕ್ಕೆ ಕಂಡ ಸ್ಪ್ರಿಂಗು ಗ್ಯಾರೇಜಿನ ಗೇಟಿಗೆ ಆದೀತು, ಎಂಜಿನ್ನಿಗಲ್ಲ.

ಎಣ್ಣೆ

ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಎಂಬುದು ಹಳೇ ಲೆಕ್ಕ, ಈಗಲೂ ಕೆಲಸಕ್ಕೆ ಬರುತ್ತದೆ. ಬೇರಿಂಗ್ ಸಂದು ಜರ್ನಲಿನ (ಬೇರಿಂಗಿನಲ್ಲಿ ಕೂರುವ ಕ್ರ್ಯಾಂಕಿನ ಭಾಗ) ಪ್ರತಿ ಇಂಚಿಗೆ 0.001 ಇಂಚು: 2.45 ಇಂಚಿನ ಮೇನ್ ಜರ್ನಲಿಗೆ ಸುಮಾರು 0.0025, ಅಂದರೆ 0.06 ಮಿ.ಮೀ. ಚಿಲ್ಲರೆ. ಆದರೆ ರೇಸಿನಲ್ಲಿ ಬೇರಿಂಗ್ ಸುಡುವುದು ಹೆಚ್ಚಾಗಿ ಪಂಪಿನ ತಪ್ಪಿನಿಂದಲ್ಲ. ತಿರುವಿನಲ್ಲಿ 1 ಜಿ ಪಕ್ಕಬಲ ಬಿದ್ದಾಗ ಚೇಂಬರಿನ (ಎಂಜಿನ್ನಿನ ತಳದ ತೊಟ್ಟಿಯ) ಎಣ್ಣೆ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ, ಪಿಕಪ್ ಕೊಳವೆ ಗಾಳಿ ಹೀರುತ್ತದೆ. ಅದರ ಮೇಲೆ 7000ದಲ್ಲಿ ತಿರುಗುವ ಕ್ರ್ಯಾಂಕ್ ಎಣ್ಣೆಯನ್ನು ನೊರೆ ಮಾಡುತ್ತದೆ, ಒಂದಿಷ್ಟು ಎಣ್ಣೆ ರಾಕರ್ ಕವರಿನೊಳಗೇ ಸಿಕ್ಕಿಕೊಳ್ಳುತ್ತದೆ. ಚೇಂಬರಿನಲ್ಲಿ ಬಾಗಿಲಿರುವ ಅಡ್ಡಗೋಡೆ, ಕ್ರ್ಯಾಂಕಿನ ಕೆಳಗೆ ಎಣ್ಣೆ ನೊರೆಯಾಗದಂತೆ ತಡೆಯುವ ವಿಂಡೇಜ್ ಟ್ರೇ, ಪಿಕಪ್ಪಿಗೂ ತಳಕ್ಕೂ 3/8 ಇಂಚು ಅಂತರ, ಇವು ದೊಡ್ಡ ಪಂಪಿಗಿಂತ ಮುಖ್ಯ. ನಿಯಮ ಬಿಟ್ಟರೆ ಡ್ರೈ ಸಂಪ್ (ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿಡುವ ವ್ಯವಸ್ಥೆ) ಇದಕ್ಕೆಲ್ಲ ಒಂದೇ ಉತ್ತರ. ಉದ್ದ ತಿರುವಿನಲ್ಲಿ ಒತ್ತಡದ ಮುಳ್ಳು ಒಂದು ಕ್ಷಣ ಬಗ್ಗಿ ಎದ್ದರೂ ಬೇರಿಂಗ್ ಅದನ್ನು ಮರೆಯುವುದಿಲ್ಲ.

ಉಳಿದವು

8000ದಲ್ಲಿ ವಿ-8 ಎಂಜಿನ್ನಿಗೆ ಸೆಕೆಂಡಿಗೆ 533 ಕಿಡಿ ಬೇಕು. ಎರಡು ಕಿಡಿಯ ನಡುವೆ 1.9 ಮಿಲಿಸೆಕೆಂಡ್ ಕೂಡ ಇಲ್ಲ. ಕಾಂಟ್ಯಾಕ್ಟ್ ಪಾಯಿಂಟ್ ಅಷ್ಟರಲ್ಲಿ ಕಾಯಿಲ್ ತುಂಬಿಸಲಾರದು, ಮೇಲಾಗಿ ತಾನೇ ಪುಟಿಯುತ್ತದೆ. ಈ ತೊದಲುವಿಕೆಯನ್ನು ವಾಲ್ವ್ ಫ್ಲೋಟ್ ಎಂದುಕೊಂಡು ಸ್ಪ್ರಿಂಗ್ ಬದಲಿಸುವವರಿದ್ದಾರೆ. ಮೊದಲು ಇಗ್ನಿಷನ್ ನೋಡಿ. ಆಲ್ಟರ್ನೇಟರ್ ಪುಲಿ ಕ್ರ್ಯಾಂಕ್ ಪುಲಿಗಿಂತ 2.7 ಪಟ್ಟು ಚಿಕ್ಕದಿದ್ದರೆ 7500ರಲ್ಲಿ ಅದು 20,000 ದಾಟುತ್ತದೆ. ದೊಡ್ಡ ಪುಲಿ ಹಾಕಿ. ವಾಟರ್ ಪಂಪಿಗೂ ಹಾಗೆಯೇ. ಕ್ರ್ಯಾಂಕಿನ ಮುಂದಿನ ಡ್ಯಾಂಪರಿನ ಒಳಗುಂಬಕ್ಕೂ ಹೊರಬಳೆಗೂ ಸೇರಿಸಿ ಬಣ್ಣದ ಒಂದು ಗೆರೆ ಎಳೆದಿಡಿ, ಗೆರೆ ಮುರಿದು ಜರುಗಿದರೆ ನಡುವಿನ ರಬ್ಬರ್ ಬಿಟ್ಟಿದೆ.

ಫ್ಲೈವೀಲಿನ ವಿಷಯದಲ್ಲಿ ಮಾತ್ರ ಚೌಕಾಸಿ ಇಲ್ಲ. 14 ಇಂಚಿನ ಫ್ಲೈವೀಲಿನ ಅಂಚು 8000ದಲ್ಲಿ ಗಂಟೆಗೆ 530 ಕಿ.ಮೀ. ಮೀರಿ ಓಡುತ್ತಿರುತ್ತದೆ. ಎರಕದ ಕಬ್ಬಿಣದ್ದು ಒಡೆದರೆ ಚೂರುಗಳು ನೆಲದ ತಗಡು ಸೀಳಿ ಚಾಲಕನ ಕಾಲಿಗೆ ಬರುತ್ತವೆ. ರೇಸ್ ಸುರಕ್ಷತಾ ಮಾನದಂಡ ಎಸ್‌ಎಫ್‌ಐ 1.1ರ ಗುರುತಿನ ಉಕ್ಕಿನ ಫ್ಲೈವೀಲು ಮತ್ತು ಕ್ಲಚ್, ಅದರ ಸುತ್ತ ಎಸ್‌ಎಫ್‌ಐ 6.1ರ ಬೆಲ್‌ಹೌಸಿಂಗ್.

ತಪ್ಪು ಗೇರು ಮತ್ತು ಅದರ ಮರುದಿನ

ರೆವ್ ಲಿಮಿಟರ್ ಇದೆ ಎಂಬ ಧೈರ್ಯ ಅರ್ಧ ಮಾತ್ರ ನಿಜ. ಅದು ಕಿಡಿ ನಿಲ್ಲಿಸಬಲ್ಲದು, ಚಕ್ರಗಳು ಎಂಜಿನ್ನನ್ನು ತಿರುಗಿಸುವುದನ್ನು ನಿಲ್ಲಿಸಲಾರದು. ಘಾಟಿ ಇಳಿಯುವ ಲಾರಿಯ ಗವರ್ನರ್ ಕೂಡ ಡೀಸೆಲ್ ಕತ್ತರಿಸಬಲ್ಲದೇ ಹೊರತು ಇಳಿಜಾರನ್ನಲ್ಲ. ಮಂಸಿ ಎಂ21 ಗೇರ್‌ಬಾಕ್ಸಿನ ಅನುಪಾತ 2.20, 1.64, 1.28, 1.00. ಮೂರನೇ ಗೇರಿನಲ್ಲಿ 7000 ಮುಟ್ಟಿ ನಾಲ್ಕಕ್ಕೆ ಹಾಕಲು ಹೋಗಿ ಕೈ ಜಾರಿ ಎರಡಕ್ಕೆ ಬಿದ್ದರೆ ಎಂಜಿನ್ 8970ಕ್ಕೆ ಏರುತ್ತದೆ, ಥ್ರಾಟಲ್ ಮುಚ್ಚಿದ ಸ್ಥಿತಿಯಲ್ಲಿ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಬೋಲ್ಟಿನ ಮೇಲೆ ಹತ್ತಿರ ಹತ್ತಿರ 4 ಟನ್, ಪ್ರತಿ ಸುತ್ತಿಗೂ.

ಸರಿಯಾಗಿ ಬದಲಿಸಿದರೆ ಅದೇ ಗೇರ್‌ಬಾಕ್ಸ್ ಬೇರೆ ಸಂಗತಿ ಹೇಳುತ್ತದೆ. ಮೂರರಲ್ಲಿ 7000 ಮುಟ್ಟಿ ನಾಲ್ಕಕ್ಕೆ ಹೋದರೆ 5470ಕ್ಕೆ ಇಳಿಯುತ್ತದೆ. ಎರಡರಿಂದ ಮೂರಕ್ಕೂ ಹೆಚ್ಚುಕಡಿಮೆ ಅಷ್ಟೇ. ಎಂಜಿನ್ 5400ರಿಂದ 7000ದವರೆಗೆ ಚೆನ್ನಾಗಿ ಎಳೆದರೆ ಸಾಕು. ಡೈನೋದಲ್ಲಿ (ಶಕ್ತಿ ಅಳೆಯುವ ಯಂತ್ರ) ಶಕ್ತಿಯ ಶಿಖರ 6700ರಲ್ಲಿ ಕಂಡರೆ ಗೇರ್ ಬದಲಿಸುವುದನ್ನು 7000–7200ಕ್ಕೆ ಇಡಬಹುದು. ಅದರ ಮೇಲಿನದ್ದು, ನನ್ನ ಪ್ರಕಾರ, ಪ್ರೇಕ್ಷಕರ ಕಿವಿಗೆ. ಹಳೇ ಬ್ಲಾಕುಗಳು ಈಗ ಹೊಸದಾಗಿ ಬರುವುದೂ ಇಲ್ಲ.

ಓವರ್-ರೆವ್ ಆಗಿಹೋದರೆ, ಎಂಜಿನ್ ಸುಮ್ಮನೆ ಓಡುತ್ತಿದೆ ಎಂದು ಸಂತೋಷಪಡುವ ಮುಂಚೆ ನಿಲ್ಲಿಸಿ. ರಾಕರ್ ಕವರ್ ತೆಗೆದು ಹದಿನಾರೂ ಸಂದು ಅಳೆಯಿರಿ. ಸಂದು ಹೆಚ್ಚಾಗಿದ್ದರೆ ಪುಶ್‌ರಾಡ್ ಬಾಗಿದೆ, ಸ್ಟಡ್ ಎದ್ದಿದೆ, ಇಲ್ಲವೇ ವಾಲ್ವ್ ಬಾಗಿ ಸೀಟಿಗೆ ಕೂರುತ್ತಿಲ್ಲ. ಕಡಿಮೆಯಾಗಿದ್ದರೆ ವಾಲ್ವಿನ ತಲೆ ಹಿಗ್ಗಿದೆ ಅಥವಾ ಸೀಟಿನೊಳಗೆ ಇಳಿದಿದೆ. ಅಂಥ ವಾಲ್ವ್ ಮುಂದಿನ ಸಲ ತಲೆ ಕಳಚಿಕೊಳ್ಳುತ್ತದೆ. ಆಮೇಲೆ ಸಿಲಿಂಡರಿಗೆ 100 ಪಿಎಸ್‌ಐ ಗಾಳಿ ಕೊಟ್ಟು ಎಷ್ಟು ಸೋರುತ್ತದೆಂದು ನೋಡುವ ಲೀಕ್-ಡೌನ್ ಪರೀಕ್ಷೆ. ಒಳ್ಳೆಯ ರೇಸ್ ಎಂಜಿನ್ನಿಗೆ ಸೋರಿಕೆ ನೂರಕ್ಕೆ 5ರ ಒಳಗಿರಬೇಕು. ಹಿಸ್ ಎನ್ನುವುದು ಕಾರ್ಬುರೇಟರಿನಲ್ಲಿ ಕೇಳಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್, ಬ್ರೀದರಿನಲ್ಲಾದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಆಯಿಲ್ ಫಿಲ್ಟರನ್ನು ಕೊಯ್ದು ಕಾಗದ ಹಿಂಡಿ ಬಿಡಿಸಿ ನೋಡಿ. ಅಯಸ್ಕಾಂತಕ್ಕೆ ಅಂಟುವ ಚೂರು ಕ್ಯಾಮಿನದೋ ಲಿಫ್ಟರಿನದೋ, ಅಂಟದೆ ಹೊಳೆಯುವುದು ಬೇರಿಂಗಿನದು ಅಥವಾ ಪಿಸ್ಟನ್ನಿನದು.

ಇದೆಲ್ಲ ಸರಿಯಿದ್ದರೂ ರಾಡ್ ಬೋಲ್ಟಿನ ಸುದ್ದಿ ಯಾವ ಪರೀಕ್ಷೆಯಲ್ಲೂ ಸಿಗುವುದಿಲ್ಲ. ಚೇಂಬರ್ ಇಳಿಸಿ, ಒಂದೊಂದೇ ಬೋಲ್ಟ್ ಬಿಚ್ಚಿ, ಬರೆದಿಟ್ಟ ಉದ್ದದ ಪಕ್ಕದಲ್ಲಿಟ್ಟು ನೋಡಬೇಕು. ಉದ್ದ ಬರೆದಿಟ್ಟಿರದಿದ್ದರೆ ಹದಿನಾರನ್ನೂ ಬದಲಿಸಿ. ಹೊಸ ಬೋಲ್ಟ್ ಹಾಕಿ ಬಿಗಿದ ಮೇಲೆ ರಾಡಿನ ದೊಡ್ಡ ತೂತು ಗುಂಡಗಿದೆಯೇ ಎಂದು ಲೇತಿನವರ ಹತ್ತಿರ ಅಳೆಸಿ, ಆಮೇಲೆ ಬೇರಿಂಗ್ ಕೂರಿಸಿ.